ಕೌಂಟಿ ಕೌನ್ಸಿಲ್ ಸಭೆ: ಯಾವುದನ್ನು ಯಾರು ತೀರ್ಮಾನ ಮಾಡ್ತಾರೆ?

ಬೇರೆ ದೇಶಗಳ ಸ್ಥಳೀಯ ಆಡಳಿತ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೂ ಉಪಯೋಗಕ್ಕೆ ಬರಬಹುದು. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

1888ರ ಕಾಯ್ದೆಯಿಂದ ಇಂಗ್ಲೆಂಡಿನ ಕೌಂಟಿ ಕೌನ್ಸಿಲ್‌ಗಳು, ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲಾ ಪಂಚಾಯಿತಿಯಂಥ ಚುನಾಯಿತ ಸ್ಥಳೀಯ ಸಂಸ್ಥೆಗಳು, ಹುಟ್ಟಿದವು, 1972ರ ಕಾಯ್ದೆ 1974ರಿಂದ ಅವುಗಳಿಗೆ ಈಗಿನ ರೂಪ ಕೊಟ್ಟಿತು. ಪುಸ್ತಕಗಳಲ್ಲಿ ಇಷ್ಟು ಇರುತ್ತದೆ. ಬಾಯಿಪಾಠ ಮಾಡಿದರೆ ಅಂಕ ಸಿಗುತ್ತದೆ, ನಿಜ. ಆದರೆ ಒಂದು ಸಭೆಯ ಅಜೆಂಡಾ ಕೈಗೆ ಕೊಟ್ಟು ‘ಇವತ್ತು ಇಲ್ಲಿ ನಿಜವಾಗಿ ಏನು ತೀರ್ಮಾನ ಆಗುತ್ತೆ’ ಅಂತ ಕೇಳಿದರೆ ತಬ್ಬಿಬ್ಬಾಗುತ್ತೇವೆ. ನನ್ನ ಸಲಹೆ ಇಷ್ಟೇ: ಅಜೆಂಡಾದ ಪ್ರತಿಯೊಂದು ವಿಷಯಕ್ಕೂ ‘ಇದನ್ನು ತೀರ್ಮಾನಿಸುವ ಅಧಿಕಾರ ಈ ಸಭೆಗೆ ಇದೆಯಾ?’ ಅಂತ ಕೇಳಿಕೊಳ್ಳಿ. ಅರ್ಧ ವಿಷಯಗಳಿಗೆ ‘ಇಲ್ಲ’ ಅನ್ನೋ ಉತ್ತರ ಬಂದರೂ ಆಶ್ಚರ್ಯವಿಲ್ಲ.

ಮೊದಲು ಜಾಗ ಗುರುತಿಸಿಕೊಳ್ಳೋಣ

ಇಂಗ್ಲೆಂಡಿನ ಎಲ್ಲ ಕಡೆ ಕೌಂಟಿ ಕೌನ್ಸಿಲ್ ಇಲ್ಲ. ಕೆಂಟ್, ಎಸೆಕ್ಸ್, ಹರ್ಟ್‌ಫರ್ಡ್‌ಷೈರ್‌ನಂಥ ಕಡೆ ಎರಡು ಹಂತದ ಆಡಳಿತ ನಡೆದುಬಂದಿದೆ. ಮೇಲೆ ಕೌಂಟಿ, ಕೆಳಗೆ ಡಿಸ್ಟ್ರಿಕ್ಟ್ ಅಥವಾ ಬರೋ ಕೌನ್ಸಿಲ್. 2023ರಲ್ಲಿ ಕಂಬ್ರಿಯಾ, ನಾರ್ತ್ ಯಾರ್ಕ್‌ಷೈರ್, ಸೋಮರ್‌ಸೆಟ್‌ಗಳು ಒಂದೇ ಹಂತಕ್ಕೆ ಬದಲಾದ ಮೇಲೆ 21 ಕೌಂಟಿ ಕೌನ್ಸಿಲ್‌ಗಳು ಉಳಿದವು. ಇವನ್ನೂ ಒಂದೇ ಹಂತಕ್ಕೆ ತರುತ್ತೇವೆ ಎಂದು ಸರ್ಕಾರ 2024ರ ಡಿಸೆಂಬರ್‌ನಲ್ಲಿ ಶ್ವೇತಪತ್ರ ಹೊರಡಿಸಿತು. ಹಾಗಾಗಿ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ನೆನಪಿಟ್ಟುಕೊಳ್ಳಬೇಡಿ. ಲಂಡನ್ನಿನಲ್ಲೂ 1889ರಿಂದ 1965ರವರೆಗೆ ಕೌಂಟಿ ಕೌನ್ಸಿಲ್ ಇತ್ತು, ಈಗ ಇಲ್ಲ. ಥೇಮ್ಸ್ ದಡದಲ್ಲಿ ಬಸವೇಶ್ವರರ ಪ್ರತಿಮೆ ಇರುವ ಲ್ಯಾಂಬೆತ್ ಒಂದು ಲಂಡನ್ ಬರೋ. ಕಲಬುರಗಿ ಮೂಲದ ನೀರಜ್ ಪಾಟೀಲ್ ಮೇಯರ್ ಆಗಿದ್ದದ್ದು ಅಲ್ಲಿ, ಯಾವ ಕೌಂಟಿಯಲ್ಲೂ ಅಲ್ಲ.

ಎರಡು ಹಂತಗಳ ನಡುವೆ ಕೆಲಸ ಹಂಚಿರುವ ರೀತಿ ಸ್ವಲ್ಪ ವಿಚಿತ್ರ. ಮನೆ ಬಾಗಿಲಿಂದ ಕಸ ಎತ್ತುವುದು ಡಿಸ್ಟ್ರಿಕ್ಟ್, ಎತ್ತಿದ ಕಸವನ್ನು ವಿಲೇವಾರಿ ಮಾಡುವುದು ಕೌಂಟಿ. ಮನೆ ಕಟ್ಟೋಕೆ ಅನುಮತಿ ಡಿಸ್ಟ್ರಿಕ್ಟ್‌ನಿಂದ, ಕಲ್ಲುಗಣಿಗೆ ಅನುಮತಿ ಕೌಂಟಿಯಿಂದ. ಊರ ರಸ್ತೆ ಕೌಂಟಿಯದು, ಮೋಟರ್‌ವೇ ಇಬ್ಬರದೂ ಅಲ್ಲ, ಅದು ಕೇಂದ್ರ ಸರ್ಕಾರದ ಸಂಸ್ಥೆಯದು. ಕಸದ ಡಬ್ಬಿ ಖಾಲಿ ಮಾಡಿಲ್ಲ ಅಂತ ಕೌಂಟಿ ಸಭೆಗೆ ಹೋಗಿ ಕೇಳಿದರೆ ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅಂತಾರೆ. ಅದು ಜಾರಿಕೊಳ್ಳೋ ಮಾತಲ್ಲ, ನಿಜವಾಗಿಯೂ ಬರುವುದಿಲ್ಲ.

ಪೂರ್ಣ ಸಭೆಯೋ, ಕ್ಯಾಬಿನೆಟ್ಟೋ?

2000ದ ಕಾಯ್ದೆಗಿಂತ ಮುಂಚೆ ಸಮಿತಿಗಳ ಮೂಲಕ ಆಡಳಿತ ನಡೆಯುತ್ತಿತ್ತು. ಆಮೇಲೆ ಹೆಚ್ಚಿನ ಕಡೆ ಲೀಡರ್ ಮತ್ತು ಕ್ಯಾಬಿನೆಟ್ ಪದ್ಧತಿ ಬಂತು. ಸದಸ್ಯರೆಲ್ಲ ಸೇರಿ ಒಬ್ಬ ಲೀಡರ್‌ನನ್ನು ಆರಿಸುತ್ತಾರೆ. ಲೀಡರ್ ತನ್ನ ಕ್ಯಾಬಿನೆಟ್ ಕಟ್ಟಿಕೊಳ್ಳುತ್ತಾರೆ. ಲೀಡರ್ ಸೇರಿ ಹತ್ತು ಜನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ದಿನನಿತ್ಯದ ದೊಡ್ಡ ತೀರ್ಮಾನಗಳೆಲ್ಲ ಈ ಕ್ಯಾಬಿನೆಟ್‌ನವು. ಸದಸ್ಯರೆಲ್ಲ ಸೇರುವ ಪೂರ್ಣ ಸಭೆಯ ಕೈಯಲ್ಲಿ ಉಳಿಯುವುದು ಬಜೆಟ್, ಕೆಲವು ಮುಖ್ಯ ನೀತಿಗಳು, ಕೌನ್ಸಿಲ್‌ನ ಸಂವಿಧಾನ ಅನ್ನುವ ಒಳ ನಿಯಮಾವಳಿ ಮತ್ತು ಲೀಡರ್ ಆಯ್ಕೆ.

ಲೀಡರ್ ಬೇರೆ, ಚೇರ್ಮನ್ ಬೇರೆ ಅನ್ನೋದನ್ನು ಮರೆಯಬೇಡಿ. ಲೀಡರ್ ರಾಜಕೀಯ ನಾಯಕ, ಚೇರ್ಮನ್ ಸಭೆ ನಡೆಸುವವರು. ಚೇರ್ಮನ್‌ನನ್ನು ಪ್ರತಿ ವರ್ಷ ವಾರ್ಷಿಕ ಸಭೆಯ ಮೊದಲ ಕೆಲಸವಾಗಿಯೇ ಆರಿಸಬೇಕು. ಮತ ಸಮ ಬಿದ್ದರೆ ಅವರಿಗೆ ಎರಡನೇ ಮತ, ಅಂದರೆ ನಿರ್ಣಾಯಕ ಮತ, ಇರುತ್ತದೆ. ಅಧಿಕಾರಿಗಳ ಕಡೆಯಿಂದ ಚೀಫ್ ಎಕ್ಸಿಕ್ಯೂಟಿವ್ ಇರುತ್ತಾರೆ. ನಮ್ಮ ಜಿಲ್ಲಾ ಪಂಚಾಯಿತಿಯ ಸಿಇಒ ಅವರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ. ಅಲ್ಲಿ ಕೌನ್ಸಿಲ್ಲೇ ಜಾಹೀರಾತು ಕೊಟ್ಟು, ಸಂದರ್ಶನ ಮಾಡಿ ನೇಮಿಸಿಕೊಳ್ಳುತ್ತದೆ. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಸಭೆಯಲ್ಲಿ ಅಧಿಕಾರಿ ಯಾರ ಮುಖ ನೋಡಿ ಉತ್ತರ ಕೊಡುತ್ತಾರೆ ಅನ್ನೋದೇ ಇದರಿಂದ ಬದಲಾಗುತ್ತದೆ.

ಅಜೆಂಡಾದಲ್ಲಿ ಇಲ್ಲದ್ದು ಸಭೆಯಲ್ಲೂ ಇಲ್ಲ

ಸಭೆಯ ನೋಟಿಸ್ ಮತ್ತು ಅಜೆಂಡಾ ಐದು ‘ಸ್ಪಷ್ಟ ದಿನ’ ಮೊದಲೇ ಹೊರಬೀಳಬೇಕು. ನೋಟಿಸ್ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಇಲ್ಲ. ಶನಿವಾರ, ಭಾನುವಾರ, ಬ್ಯಾಂಕ್ ರಜೆಗಳನ್ನೂ ಬಿಟ್ಟೇ ಎಣಿಸುತ್ತಾರೆ. ಗುರುವಾರ 20ನೇ ತಾರೀಕು ಸಭೆ ಅಂದುಕೊಳ್ಳಿ. ಹಿಂದಕ್ಕೆ ಎಣಿಸಿ: 19, 18, 17, ಮಧ್ಯೆ ವಾರಾಂತ್ಯ ಬಿಟ್ಟು 14, 13. ಐದು ಆಯ್ತು. ಅಂದರೆ 12ನೇ ತಾರೀಕು ಬುಧವಾರದೊಳಗೆ ಅಜೆಂಡಾ ಹೊರಬಂದಿರಬೇಕು. ಪರೀಕ್ಷೆಯಲ್ಲಿ ಈ ಲೆಕ್ಕ ಕೊಟ್ಟರೆ ಹೆಚ್ಚಿನವರು 14 ಅಥವಾ 15 ಅಂತ ಬರೆದುಬಿಡುತ್ತಾರೆ.

ನೋಟಿಸ್‌ನಲ್ಲಿ ಹೇಳದ ವಿಷಯವನ್ನು ಸಭೆ ತೀರ್ಮಾನಿಸುವಂತಿಲ್ಲ. ತುರ್ತು ವಿಷಯಕ್ಕೆ ವಿನಾಯಿತಿ ಇದೆ. ಆದರೆ ಯಾಕೆ ತುರ್ತು ಅನ್ನೋ ಕಾರಣವನ್ನು ನಡಾವಳಿಯಲ್ಲಿ ದಾಖಲಿಸಬೇಕು. ‘ಇತರೆ ವಿಷಯಗಳು’ ಅಂತ ಕೊನೆಗೆ ಒಂದು ಸಾಲು ಹಾಕಿ ಏನು ಬೇಕಾದರೂ ಪಾಸ್ ಮಾಡಿಸಿಕೊಳ್ಳೋ ಅಭ್ಯಾಸ ನಮ್ಮ ಸಂಘ-ಸಂಸ್ಥೆಗಳಲ್ಲಿ ಇದೆ ಅಲ್ವಾ? ಅಲ್ಲಿ ಅದು ನಡೆಯಲ್ಲ. ಐದು ಜನ ಸದಸ್ಯರು ಸೇರಿದರೆ ವಿಶೇಷ ಸಭೆ ಕರೆಯಿರಿ ಅಂತ ಚೇರ್ಮನ್‌ಗೆ ಬರೆದುಕೊಡಬಹುದು. ಅವರು ಏಳು ದಿನದೊಳಗೆ ಕರೆಯದಿದ್ದರೆ ಐದು ಜನ ಸದಸ್ಯರೇ ಕರೆಯಬಹುದು.

ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿ, ಒಟ್ಟು ಸದಸ್ಯರ ನಾಲ್ಕನೇ ಒಂದು ಭಾಗ. ಕೆಂಟ್‌ನಲ್ಲಿ 81 ಸದಸ್ಯರು. ನಾಲ್ಕರಿಂದ ಭಾಗಿಸಿದರೆ 20.25. ಅಲ್ಲಿಗೆ 20 ಜನ ಸಾಲದು, 21 ಬೇಕು. ಸಭೆಗೆ ಬರದೆ ತಪ್ಪಿಸಿಕೊಂಡು ತಿರುಗುವ ಸದಸ್ಯರಿಗೂ ಕಡಿವಾಣ ಇದೆ. ಕೌನ್ಸಿಲ್‌ನ ಒಪ್ಪಿಗೆ ಇಲ್ಲದೆ ಸತತ ಆರು ತಿಂಗಳು ಯಾವ ಸಭೆಗೂ ಬರದಿದ್ದರೆ ಸೀಟು ತಾನಾಗಿ ಹೋಗುತ್ತದೆ.

ಕೋವಿಡ್ ಸಮಯದಲ್ಲಿ ಆನ್‌ಲೈನ್ ಸಭೆಗೆ ಅವಕಾಶ ಕೊಟ್ಟಿದ್ದರು. 2021ರ ಮೇ ತಿಂಗಳಲ್ಲಿ ಅದರ ಅವಧಿ ಮುಗಿಯುವುದಿತ್ತು. ಮುಂದುವರಿಸಬಹುದು ಎಂದು ಹೇಳಿಸಿಕೊಳ್ಳಲು ಹರ್ಟ್‌ಫರ್ಡ್‌ಷೈರ್ ಕೌಂಟಿ ಕೌನ್ಸಿಲ್ ಹೈಕೋರ್ಟಿಗೆ ಹೋಯಿತು. 1972ರ ಕಾಯ್ದೆಯ ಪ್ರಕಾರ ಸಭೆ ಅಂದರೆ ಒಂದು ಜಾಗದಲ್ಲಿ ಖುದ್ದಾಗಿ ಸೇರುವುದು, ಬದಲಾಯಿಸಬೇಕಾದರೆ ಪಾರ್ಲಿಮೆಂಟೇ ಬದಲಾಯಿಸಬೇಕು ಎಂದು ಕೋರ್ಟ್ ಹೇಳಿತು.

ಗೊತ್ತುವಳಿ ಮತ್ತು ತಿದ್ದುಪಡಿಯ ಆಟ

ಸಭೆ ಶುರುವಾದ ಮೇಲೆ ಗೈರುಹಾಜರಿ, ಹಿತಾಸಕ್ತಿ ಘೋಷಣೆ, ಹಿಂದಿನ ನಡಾವಳಿಗೆ ಸಹಿ. ಇವೆಲ್ಲ ಬೇಗ ಮುಗಿಯುತ್ತವೆ. ಆದರೆ ಹಿತಾಸಕ್ತಿ ಘೋಷಣೆ ಸುಮ್ನೆ ಶಿಷ್ಟಾಚಾರ ಅಂದುಕೊಳ್ಳಬೇಡಿ. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಸದಸ್ಯರು ತಮ್ಮ ಉದ್ಯೋಗ, ಜಮೀನು, ಗುತ್ತಿಗೆ, ಷೇರುಗಳ ವಿವರ 28 ದಿನದೊಳಗೆ ಕೊಡಬೇಕು. ಅಂಥ ವಿಷಯ ಚರ್ಚೆಗೆ ಬಂದರೆ ಭಾಗವಹಿಸುವ ಹಾಗಿಲ್ಲ. ಮುಚ್ಚಿಟ್ಟರೆ ಕ್ರಿಮಿನಲ್ ಅಪರಾಧ.

ಆಮೇಲೆ ಪ್ರಶ್ನೋತ್ತರ, ನಂತರ ಗೊತ್ತುವಳಿಗಳು. ಇಲ್ಲಿ ನಿಧಾನಿಸಿ ನೋಡಬೇಕು. ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳೋಣ. ವಿರೋಧ ಪಕ್ಷದ ಸದಸ್ಯರೊಬ್ಬರು ಹೀಗೆ ಮಂಡಿಸುತ್ತಾರೆ: ‘ಹಳ್ಳಿ ಬಸ್‌ಗಳಿಗೆ ಕೊಡುವ ಸಹಾಯಧನವನ್ನು ಮುಂದುವರಿಸಬೇಕೆಂದು ಈ ಕೌನ್ಸಿಲ್ ಕ್ಯಾಬಿನೆಟ್ ಅನ್ನು ಕೋರುತ್ತದೆ.’ ಸೂಚಕರು ಮಾತಾಡುತ್ತಾರೆ, ಅನುಮೋದಕರು ಎದ್ದು ನಿಲ್ಲುತ್ತಾರೆ. ‘ಕೋರುತ್ತದೆ’ ಅಂತ ಯಾಕೆ, ‘ಆದೇಶಿಸುತ್ತದೆ’ ಅಂತ ಯಾಕಿಲ್ಲ? ಬಸ್ ಸಹಾಯಧನ ಕ್ಯಾಬಿನೆಟ್‌ನ ಅಧಿಕಾರ. ಪೂರ್ಣ ಸಭೆ ಕೇಳಿಕೊಳ್ಳಬಹುದು, ಅಷ್ಟೇ.

ಈಗ ಆಡಳಿತ ಪಕ್ಷ ಏನು ಮಾಡುತ್ತದೆ ನೋಡಿ. ನೇರವಾಗಿ ವಿರೋಧಿಸಿದರೆ ‘ಬಸ್ ವಿರೋಧಿಗಳು’ ಅಂತ ನಾಳೆ ಪೇಪರಲ್ಲಿ ಬರುತ್ತದೆ. ಅದಕ್ಕೇ ಒಂದು ತಿದ್ದುಪಡಿ ತರುತ್ತಾರೆ: ‘ಮುಂದುವರಿಸಬೇಕೆಂದು’ ತೆಗೆದು ‘ಮುಂದುವರಿಸುವ ಸಾಧ್ಯತೆಯನ್ನು ಹಣಕಾಸಿನ ಸ್ಥಿತಿ ನೋಡಿಕೊಂಡು ಪರಿಶೀಲಿಸಬೇಕೆಂದು’ ಸೇರಿಸುವುದು. ಮೂಲವನ್ನು ಪೂರ್ತಿ ಇಲ್ಲ ಅನ್ನಿಸುವ ತಿದ್ದುಪಡಿಯನ್ನು ಸಾಮಾನ್ಯವಾಗಿ ಚೇರ್ಮನ್ ಒಪ್ಪುವುದಿಲ್ಲ. ಇದು ಆ ಗೆರೆ ದಾಟಿಲ್ಲ. ತಿದ್ದುಪಡಿಗೆ ಮೊದಲು ಮತ. ಅದು ಗೆದ್ದರೆ ತಿದ್ದಿದ ವಾಕ್ಯವೇ ಈಗ ಮುಖ್ಯ ಗೊತ್ತುವಳಿ. ಅದಕ್ಕೆ ಇನ್ನೊಮ್ಮೆ ಮತ. ಆ ಹೊತ್ತಿಗೆ ಮೂಲ ಸೂಚಕರು ತಮ್ಮ ಹೆಸರಿನ ಗೊತ್ತುವಳಿಗೇ ವಿರುದ್ಧವಾಗಿ ಕೈ ಎತ್ತುವ ಪರಿಸ್ಥಿತಿ! ನಡಾವಳಿಯಲ್ಲಿ ‘ಗೊತ್ತುವಳಿ ಅಂಗೀಕಾರವಾಯಿತು’ ಅಂತ ಕಂಡ ಮಾತ್ರಕ್ಕೆ ವಿರೋಧ ಪಕ್ಷ ಗೆದ್ದಿತು ಅಂತ ಬರೆದುಬಿಡಬೇಡಿ. ತಿದ್ದುಪಡಿ ಬಂತಾ ಅಂತ ಮೊದಲು ನೋಡಿ.

ಹಾಗಾದರೆ ಕ್ಯಾಬಿನೆಟ್ ಅನ್ನು ತಡೆಯೋರೇ ಇಲ್ವಾ? ಅದರ ತೀರ್ಮಾನಗಳನ್ನು ಪರಿಶೀಲಿಸುವ ಸ್ಕ್ರೂಟಿನಿ ಸಮಿತಿ ಇದೆ. ದೊಡ್ಡ ತೀರ್ಮಾನಗಳಿಗೆ ಕ್ಯಾಬಿನೆಟ್ 28 ದಿನ ಮೊದಲೇ ನೋಟಿಸ್ ಹಾಕಬೇಕು. ತೀರ್ಮಾನ ಆದ ಮೇಲೂ ಜಾರಿಗೆ ಬರುವ ಮುಂಚೆ ಸಮಿತಿ ಅದನ್ನು ಎಳೆದು ತಂದು ‘ಇನ್ನೊಮ್ಮೆ ಯೋಚಿಸಿ’ ಅನ್ನಬಹುದು. ಇದಕ್ಕೆ ಕಾಲ್-ಇನ್ ಅಂತಾರೆ. ಯೋಚಿಸಿದ ಮೇಲೆ ಕ್ಯಾಬಿನೆಟ್ ಅದೇ ತೀರ್ಮಾನಕ್ಕೆ ಅಂಟಿಕೊಂಡರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ನನಗೇನೋ ಇದು ಹಲ್ಲಿಲ್ಲದ ಹಾವು ಅನ್ನಿಸುತ್ತದೆ. ಆದರೆ ತಡ ಮಾಡಿಸುವುದೂ ರಾಜಕೀಯದಲ್ಲಿ ಒಂದು ಶಕ್ತಿಯೇ.

ಬಜೆಟ್ ಸಭೆ: ಇಲ್ಲಿ ಪೂರ್ಣ ಸಭೆಯೇ ದೊರೆ

ವರ್ಷದಲ್ಲಿ ಒಂದೇ ಒಂದು ಸಭೆಗೆ ಹೋಗಬಹುದು ಅಂದರೆ ಫೆಬ್ರವರಿಯ ಬಜೆಟ್ ಸಭೆಗೆ ಹೋಗಿ. ಮನೆಗಳಿಗೆ ಕೌನ್ಸಿಲ್ ಟ್ಯಾಕ್ಸ್ ಬಿಲ್ ಕಳಿಸುವುದು ಡಿಸ್ಟ್ರಿಕ್ಟ್. ಅದರಲ್ಲಿ ದೊಡ್ಡ ಪಾಲು ಕೌಂಟಿಯದು. ತನ್ನ ಪಾಲು ಎಷ್ಟು ಅಂತ ಕೌಂಟಿ ಮಾರ್ಚ್ 1ರೊಳಗೆ ತಿಳಿಸಬೇಕು. ಈ ಬೇಡಿಕೆಗೆ ಪ್ರಿಸೆಪ್ಟ್ ಅಂತ ಹೆಸರು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಮನೆ ಕಂದಾಯ ಹಾಕುತ್ತದೆ, ಜಿಲ್ಲಾ ಪಂಚಾಯಿತಿ ಬಹುಪಾಲು ಸರ್ಕಾರದ ಅನುದಾನದ ಮೇಲೆ ನಡೆಯುತ್ತದೆ. ಕೌಂಟಿಯಲ್ಲಿ ಸದಸ್ಯರೇ ಕೈ ಎತ್ತಿ ತೆರಿಗೆ ಏರಿಸಬೇಕು, ಮತ ಹಾಕಿದವರಿಗೆ ಮುಖ ತೋರಿಸಬೇಕು. ಇತ್ತೀಚಿನ ವರ್ಷಗಳಲ್ಲಿ ವೃದ್ಧರ ಮತ್ತು ಅಂಗವಿಕಲರ ಆರೈಕೆಯ ಪಾಲೂ ಸೇರಿ ಶೇ. 5ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಏರಿಸಬೇಕಾದರೆ ಜನಮತಗಣನೆ ನಡೆಸಬೇಕು ಅನ್ನೋ ಮಿತಿ ಇತ್ತು. ಅದಕ್ಕೇ ಎಲ್ಲ ಕಡೆ 4.99 ಅನ್ನೋ ಅಂಕಿ ಕಾಣಿಸುತ್ತಿತ್ತು!

2014ರಿಂದ ಬಜೆಟ್ ಮತದಾನದಲ್ಲಿ ಯಾರು ಪರ, ಯಾರು ವಿರೋಧ, ಯಾರು ತಟಸ್ಥ ಅಂತ ಹೆಸರು ಸಮೇತ ಬರೆಯಲೇಬೇಕು. ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ತನ್ನ ಮನೆಯ ಕೌನ್ಸಿಲ್ ಟ್ಯಾಕ್ಸ್ ಅನ್ನು ಎರಡು ತಿಂಗಳು ಬಾಕಿ ಉಳಿಸಿಕೊಂಡ ಸದಸ್ಯರು ಅದನ್ನು ಸಭೆಯಲ್ಲೇ ಹೇಳಿ, ಬಜೆಟ್‌ಗೆ ಮತ ಹಾಕದೆ ಕೂರಬೇಕು. 1992ರ ಹಣಕಾಸು ಕಾಯ್ದೆಯ 106ನೇ ಸೆಕ್ಷನ್. ಮುರಿದರೆ ಇದೂ ಅಪರಾಧವೇ.

ಬಜೆಟ್ ಸರಿದೂಗಲೇಬೇಕು, ಕೊರತೆ ಬಜೆಟ್‌ಗೆ ಅವಕಾಶ ಇಲ್ಲ. ಖರ್ಚು ಆದಾಯ ಮೀರುತ್ತಿದೆ ಅನ್ನಿಸಿದರೆ ಹಣಕಾಸು ಅಧಿಕಾರಿ 1988ರ ಕಾಯ್ದೆಯ 114ನೇ ಸೆಕ್ಷನ್ ಅಡಿ ನೋಟಿಸ್ ಕೊಡಬೇಕು. ಆಗ ಹೊಸ ಖರ್ಚು ನಿಲ್ಲುತ್ತದೆ, 21 ದಿನದೊಳಗೆ ಪೂರ್ಣ ಸಭೆ ಸೇರಬೇಕು. ನಾರ್ಥಾಂಪ್ಟನ್‌ಷೈರ್ ಕೌಂಟಿ ಕೌನ್ಸಿಲ್‌ನಲ್ಲಿ 2018ರಲ್ಲಿ ಇದು ಫೆಬ್ರವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಇನ್ನೊಮ್ಮೆ ನಡೆಯಿತು. 5.3 ಕೋಟಿ ಪೌಂಡ್ ಖರ್ಚು ಮಾಡಿ ಕಟ್ಟಿದ ಹೊಸ ಕಚೇರಿ ತೆರೆದು ಕೆಲವೇ ತಿಂಗಳಾಗಿತ್ತು. ಅದನ್ನೇ ಮಾರಿ ಬಾಡಿಗೆಗೆ ಕೂತರು. 2021ರ ಏಪ್ರಿಲ್ 1ಕ್ಕೆ ಆ ಕೌನ್ಸಿಲ್ಲೇ ಇಲ್ಲವಾಯಿತು. ಅದರ ಜಾಗಕ್ಕೆ ಎರಡು ಏಕಹಂತದ ಕೌನ್ಸಿಲ್‌ಗಳು ಬಂದವು.

ಕರ್ತವ್ಯ ಬೇರೆ, ಅಧಿಕಾರ ಬೇರೆ

ಹಣ ಇಲ್ಲದಾಗ ಏನನ್ನು ಕಡಿಯಬಹುದು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಾನೂನು ‘ಮಾಡಲೇಬೇಕು’ ಅಂದಿದ್ದು ಕರ್ತವ್ಯ, ‘ಮಾಡಬಹುದು’ ಅಂದಿದ್ದು ಅಧಿಕಾರ. 1989ರ ಕಾಯ್ದೆಯಡಿ ಮಕ್ಕಳ ರಕ್ಷಣೆ, 2014ರ ಕಾಯ್ದೆಯಡಿ ವೃದ್ಧರ ಮತ್ತು ಅಂಗವಿಕಲರ ಆರೈಕೆ ಕರ್ತವ್ಯಗಳು. ಹೆಚ್ಚಿನ ಹಣ ಈ ಎರಡಕ್ಕೇ ಹೋಗುತ್ತದೆ. ಕೌನ್ಸಿಲ್‌ನ ಆರೈಕೆಯಲ್ಲಿರುವ ಮಕ್ಕಳಿಗೆ ಸದಸ್ಯರೆಲ್ಲರೂ ಸೇರಿ ಹೆತ್ತವರ ಸ್ಥಾನದಲ್ಲಿ ನಿಲ್ಲಬೇಕು ಅನ್ನೋ ತತ್ವವೂ ಇದೆ. 1964ರ ಕಾಯ್ದೆಯಡಿ ಗ್ರಂಥಾಲಯವೂ ಕರ್ತವ್ಯವೇ. ಆದರೆ ಎಷ್ಟು ಶಾಖೆ ಅಂತ ಕಾಯ್ದೆ ಹೇಳುವುದಿಲ್ಲ. ಹಾಗಾಗಿ ಕತ್ತರಿ ಮೊದಲು ಬೀಳುವ ಜಾಗಗಳಲ್ಲಿ ಅದೂ ಒಂದು. ರಸ್ತೆ ದುರಸ್ತಿ 1980ರ ಹೆದ್ದಾರಿ ಕಾಯ್ದೆಯ 41ನೇ ಸೆಕ್ಷನ್‌ನ ಕರ್ತವ್ಯ. ಗುಂಡಿಗೆ ಬಿದ್ದವರು ಪರಿಹಾರ ಕೇಳಬಹುದು. ‘ನಾವು ಸರಿಯಾಗಿ ತಪಾಸಣೆ ಮಾಡುತ್ತಿದ್ದೆವು’ ಅಂತ ದಾಖಲೆ ತೋರಿಸಿದರೆ 58ನೇ ಸೆಕ್ಷನ್ ಕೌನ್ಸಿಲ್ ಅನ್ನು ಕಾಪಾಡುತ್ತದೆ. ರಸ್ತೆ ತಪಾಸಣೆಯ ನೀತಿ ಅನ್ನೋ ಬೋರು ಹೊಡೆಸುವ ವರದಿಗೆ ಅಜೆಂಡಾದಲ್ಲಿ ಅಷ್ಟು ಮಹತ್ವ ಬರುವುದು ಇದಕ್ಕೇ.

ನಾವೂ ಒಳಗೆ ಹೋಗಬಹುದಾ?

ಹೋಗಬಹುದು. ಪತ್ರಕರ್ತರಿಗೂ ಜನರಿಗೂ ಬಾಗಿಲು ತೆರೆಯಬೇಕು ಅಂದ 1960ರ ಕಾಯ್ದೆಯನ್ನು ಮಂಡಿಸಿದವರು ಆಗ ಹೊಸ ಸಂಸದೆಯಾಗಿದ್ದ ಮಾರ್ಗರೆಟ್ ಥ್ಯಾಚರ್. 2014ರ ನಿಯಮಗಳಿಂದ ಮೊಬೈಲ್‌ನಲ್ಲಿ ವಿಡಿಯೊ ಮಾಡುವುದಕ್ಕೂ ಹಕ್ಕು ಬಂತು. ವೈಯಕ್ತಿಕ ಮಾಹಿತಿ, ವ್ಯಾಪಾರದ ಗುಟ್ಟಿನಂಥ ವಿಷಯ ಬಂದಾಗ ಮಾತ್ರ ಜನರನ್ನು ಹೊರಗೆ ಕಳಿಸುತ್ತಾರೆ. ಅದಕ್ಕೂ ಗೊತ್ತುವಳಿ ಪಾಸ್ ಆಗಬೇಕು.

ಕನ್ನಡಿಗರ ವಿಷಯಕ್ಕೆ ಬರೋಣ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಂಗ್ಲೆಂಡಿನಲ್ಲಿ ವೀಸಾದ ಮೇಲೆ ವಾಸವಿರುವವರು ಕಾಮನ್‌ವೆಲ್ತ್ ಪ್ರಜೆಗಳ ಲೆಕ್ಕದಲ್ಲಿ ಕೌಂಟಿ ಚುನಾವಣೆಯಲ್ಲಿ ಮತ ಹಾಕಬಹುದು. ವಿದ್ಯಾರ್ಥಿಗಳೂ ಹಾಕಬಹುದು, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡಿರಬೇಕು ಅಷ್ಟೇ. ಪಟ್ಟಿ ನೋಡಿಕೊಳ್ಳುವುದು ಡಿಸ್ಟ್ರಿಕ್ಟ್, ಹಾಗಾಗಿ ಈ ಒಂದು ಕೆಲಸಕ್ಕೆ ಕೌಂಟಿ ಕಚೇರಿಯ ಮೆಟ್ಟಿಲು ಹತ್ತಬೇಡಿ.