ಒಂದೂವರೆ ನಿಮಿಷಕ್ಕೆ ಹತ್ತರಲ್ಲಿ ಒಂಬತ್ತು

ಒತ್ತಡದ ಹಬೆಯಿಂದ ಸಲಕರಣೆಗಳ ಸೂಕ್ಷ್ಮಾಣುಗಳನ್ನು ಕೊಲ್ಲುವ ಆಟೋಕ್ಲೇವ್‌ನೊಳಗೆ ಇಟ್ಟ ಕತ್ತರಿ, ಇಕ್ಕಳಗಳ ಮೇಲಿನ ಸೂಕ್ಷ್ಮಾಣುಗಳು ಒಂದೇ ಗಳಿಗೆಯಲ್ಲಿ ಒಟ್ಟಿಗೆ ಸಾಯುವುದಿಲ್ಲ. ಪ್ರತಿ ಕ್ಷಣ ಸಾಯುವವುಗಳ ಸಂಖ್ಯೆ ಆಗ ಉಳಿದಿರುವವುಗಳ ಸಂಖ್ಯೆಯನ್ನೇ ಅವಲಂಬಿಸಿರುತ್ತದೆ ಎಂಬುದನ್ನು ಬ್ರಿಟಿಷ್ ವಿಜ್ಞಾನಿ ಹ್ಯಾರಿಯೆಟ್ ಚಿಕ್ 1908ರಲ್ಲಿ ಸೋಂಕುನಿವಾರಕಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಶಾಖದ ವಿಷಯದಲ್ಲೂ ಬಹುಮಟ್ಟಿಗೆ ಇದೇ ನಿಯಮ.

ಈ ವೇಗವನ್ನು ಅಳೆಯಲು ತಾಳ್ಮೆ ಬೇಕು. ಶಾಖಕ್ಕೆ ಸುಲಭವಾಗಿ ಜಗ್ಗದ ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳನ್ನು (ಗಟ್ಟಿ ಕವಚದ ಸುಪ್ತ ರೂಪಗಳನ್ನು) ಸಮನಾಗಿ ತುಂಬಿದ ಹಲವು ಗಾಜಿನ ಕೊಳವೆಗಳನ್ನು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಗೊತ್ತಾದ ಅಂತರದಲ್ಲಿ ಒಂದೊಂದನ್ನೇ ಹೊರತೆಗೆದು ಥಟ್ಟನೆ ತಂಪುಗೊಳಿಸುತ್ತಾರೆ. ಒಳಗಿನ ದ್ರವವನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡಿ, ಬ್ಯಾಕ್ಟೀರಿಯ ಬೆಳೆಸುವ ಅಗರ್ ತಟ್ಟೆಗೆ ಹಾಕಿ, ಬೆಚ್ಚಗಿಟ್ಟು, ಮೇಲೆದ್ದ ಚುಕ್ಕೆಗಳನ್ನು ಎಣಿಸುತ್ತಾರೆ. ಒಂದೊಂದು ಚುಕ್ಕೆಯೂ ಬದುಕುಳಿದ ಒಂದು ಬೀಜಾಣುವಿನ ಸಂತಾನ. ಎಣಿಕೆಯ ಲಾಗರಿದಮ್ಮನ್ನು ಸಮಯದ ಎದುರು ಗುರುತಿಸಿದರೆ ಸಾಮಾನ್ಯವಾಗಿ ಕೆಳಕ್ಕಿಳಿಯುವ ಸರಳರೇಖೆ ಸಿಗುತ್ತದೆ. ಹತ್ತರಲ್ಲಿ ಒಂಬತ್ತು ಸಾಯಲು ಬೇಕಾದ ಸಮಯವೇ ‘ಡಿ ಮೌಲ್ಯ’.

ಅದು ಒಂದೂವರೆ ನಿಮಿಷ ಎಂದುಕೊಳ್ಳೋಣ. ಹತ್ತು ಲಕ್ಷ ಬೀಜಾಣುಗಳು 9 ನಿಮಿಷಕ್ಕೆ ಒಂದಕ್ಕೆ ಇಳಿಯುತ್ತವೆ. ಹತ್ತೂವರೆ ನಿಮಿಷಕ್ಕೆ ಲೆಕ್ಕ ಹೇಳುವುದು ‘ಹತ್ತನೆಯ ಒಂದು ಭಾಗ ಬೀಜಾಣು’! ಹಾಗೆಂದರೆ, ಇಂಥ ಹತ್ತು ಕೊಳವೆಗಳಲ್ಲಿ ಸರಾಸರಿ ಒಂದರಲ್ಲಿ ಇನ್ನೂ ಜೀವವಿದೆ. ರೇಖೆ ಸೊನ್ನೆಯನ್ನು ಎಂದೂ ಮುಟ್ಟದ ಕಾರಣ, ವೈದ್ಯಕೀಯ ಸಲಕರಣೆಗಳಿಗೆ ಸಾಮಾನ್ಯವಾಗಿ ಜೀವ ಉಳಿದಿರುವ ಸಂಭವ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚಿಲ್ಲದಿರುವುದನ್ನೇ ಗುರಿಯಾಗಿಡುತ್ತಾರೆ; ನಮ್ಮ ಲೆಕ್ಕದಲ್ಲಿ ಅದಕ್ಕೆ 18 ನಿಮಿಷ ಬೇಕು. ಡಬ್ಬಿಯ ಆಹಾರದಲ್ಲಿ ಭಯ ಹುಟ್ಟಿಸುವ, ಮಾರಕ ವಿಷ ತಯಾರಿಸುವ ಬಾಟುಲಿನಮ್ ಬ್ಯಾಕ್ಟೀರಿಯದ ಬೀಜಾಣುಗಳ ಡಿ ಮೌಲ್ಯ ಇದೇ ಉಷ್ಣತೆಯಲ್ಲಿ ಸುಮಾರು 0.2 ನಿಮಿಷ, ಅಲ್ಲಿ ಹನ್ನೆರಡು ಡಿಗಳಷ್ಟು, ಅಂದರೆ ಸುಮಾರು ಎರಡೂವರೆ ನಿಮಿಷ, ಡಬ್ಬಿಯ ನಟ್ಟನಡುವೆಯೂ ಆ ಶಾಖ ತಲುಪಿರಬೇಕು.

ಉಷ್ಣತೆ ಏರಿದರೆ ಡಿ ಇಳಿಯುತ್ತದೆ, ಉಷ್ಣತೆ ಇಳಿದರೆ ಡಿ ಏರುತ್ತದೆ. ಅದನ್ನು ಹತ್ತು ಪಟ್ಟು ಬದಲಿಸುವ ಡಿಗ್ರಿಗಳ ಅಂತರವೇ ‘ಝಡ್ ಮೌಲ್ಯ’. ಅನೇಕ ಬೀಜಾಣುಗಳಿಗೆ ಅದು ಸುಮಾರು 10 ಡಿಗ್ರಿ. ಇದು ಪುಸ್ತಕದ ಮಾತಷ್ಟೇ ಅಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ; ಆಟೋಕ್ಲೇವ್‌ನ ಮಾಪಕ ತೋರಿಸುವುದು ಒಳಗಿನ ಒತ್ತಡ ಅದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಹಾಗಾಗಿ ಮಾಪಕದ ಮುಳ್ಳು 15 ಪೌಂಡ್ ತೋರಿಸಿದಾಗ ಒಳಗಿನ ಹಬೆ 121ರ ಬದಲು ಸುಮಾರು 119 ಡಿಗ್ರಿಯಲ್ಲಿರುತ್ತದೆ. ಉಷ್ಣತಾಮಾಪಕವನ್ನು ನೋಡದೆ ಮುಳ್ಳನ್ನೇ ನಂಬಿದವರು, 15 ನಿಮಿಷದ ಕೆಲಸಕ್ಕೆ ಸುಮಾರು 24 ನಿಮಿಷ ಕಾಯಬೇಕು.