ಮೊಲಕ್ಕೆ ಲಂಘನ ಹಾಕ್ಬೇಡಿ ಮಾರಾಯ್ರೆ

ನಾಯಿಗೆ ವಾಂತಿ ಆದ್ರೆ ಒಂದ್ಹೊತ್ತು ಊಟ ನಿಲ್ಸಿ ನೋಡಿ ಅಂತ ನಾವು ಪಶುವೈದ್ಯರೇ ಎಷ್ಟೋ ಸಲ ಹೇಳ್ತೇವೆ. ಮನುಷ್ಯರಿಗೂ ಹೊಟ್ಟೆ ಕೆಟ್ರೆ ನಮ್ಮ ಕಡೆ ಗಂಜಿ, ಅದಕ್ಕೂ ಮೊದ್ಲು ಲಂಘನ. ಅದೇ ಲೆಕ್ಕ ಮೊಲಕ್ಕೂ ಹಾಕ್ತಾರೆ ಜನ, ಇಲ್ಲೇ ನನಗೆ ಸಂಕಟ ಆಗೋದು. ಬೆಳಿಗ್ಗೆಯಿಂದ ಮೊಲ ತಿಂದಿಲ್ಲ, ಸಂಜೆಗೂ ತಿಂದಿಲ್ಲ, "ಹೊಟ್ಟೆ ಭಾರ ಆಗಿರ್ಬೇಕು, ನಾಳೆ ಸರಿಯಾಗ್ತದೆ ಬಿಡು" ಅಂತ ಮಲಗ್ತಾರೆ, ಮರುದಿನವೂ ತಿನ್ನೂದಿಲ್ಲ, ಅದರ ಮರುದಿನ ಕಾಲು ಬಿಟ್ಟು ಬಿದ್ದಾಗ ರಟ್ಟಿನ ಪೆಟ್ಟಿಗೆಯಲ್ಲಿ ಹಾಕ್ಕೊಂಡು ಓಡಿ ಬರ್ತಾರೆ. ಅಷ್ಟೊತ್ತಿಗೆ ನನ್ನ ಕೈಲಿ ಉಳಿದಿರೋದು ಬಹಳ ಕಮ್ಮಿ.

ಹಾಗಾಗಿ ಮೊದ್ಲೇ ಹೇಳಿಬಿಡ್ತೇನೆ. ಮೊಲ ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದ್ರೆ ಅದು ಎಮರ್ಜೆನ್ಸಿ. ನಾಳೆ ಅಲ್ಲ, ಇವತ್ತೇ ಡಾಕ್ಟರ ಹತ್ರ ಹೋಗ್ಬೇಕು.

ಚೌತಿ ಮುಗಿದ ವಾರ ಇಂಥ ಕೇಸು ಜಾಸ್ತಿ. ಮನೆ ತುಂಬ ನೆಂಟರು, ಮಕ್ಕಳ ಕೈಲಿ ಚಕ್ಕುಲಿ, ಕರ್ಜಿಕಾಯಿ, ಮೊಲ ಮೂಗು ಅಲ್ಲಾಡಿಸ್ತಾ ಹತ್ರ ಬಂದ್ರೆ ಯಾರಿಗೂ ಕೊಡ್ದೆ ಇರ್ಲಿಕ್ಕೆ ಮನಸ್ಸಾಗೂದಿಲ್ಲ. ಮೇಲಿಂದ ಪಟಾಕಿ. ನಮ್ಮ ಕಾರವಾರದ ಹತ್ರದ ಸದಾಶಿವಗಡ ಕಡೆಯ ಒಬ್ರು ಅಜ್ಜ ಮೊಮ್ಮಗಳ ಜೊತೆ ಬಂದಿದ್ರು, ಬಿಳಿ ಮೊಲ, ಕೆಂಪು ಕಣ್ಣು, ಟವೆಲ್ಲಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ರು. "ಡಾಕ್ಟ್ರೇ, ನಿನ್ನೆ ಇಡೀ ದಿನ ಏನೂ ಕೊಟ್ಟಿಲ್ಲ, ನೀರು ಸಹ ಸ್ವಲ್ಪವೇ ಇಟ್ಟದ್ದು, ಹೊಟ್ಟೆ ಖಾಲಿಯಾಗ್ಲಿ ಹೇಳಿ" ಅಂದ್ರು. ಏಕಾದಶಿ ತಪ್ಪದೆ ಮಾಡೋ ಮನುಷ್ಯ, ತನಗೆ ಒಳ್ಳೇದಾದದ್ದು ಅದಕ್ಕೂ ಒಳ್ಳೇದು ಅಂತ ಪೂರ್ತಿ ಪ್ರೀತಿಯಿಂದ ಮಾಡಿದ್ದು. ಅಂಥವರ ಮೇಲೆ ರೇಗೋದು ಹೇಗೆ ಹೇಳಿ. "ಅಜ್ಜಾ, ನಿಮ್ಮ ಹೊಟ್ಟೆ ಬೇರೆ, ಇದರ ಹೊಟ್ಟೆ ಬೇರೆ" ಅಂತ ಕೂರಿಸಿ ಹೇಳಿದೆ. ಇಲ್ಲೂ ಅದನ್ನೇ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ಓದಿ.

ಮೊಲದ ಹೊಟ್ಟೆ ಖಾಲಿ ಆಗೋಕೆ ಮಾಡಿದ್ದೇ ಅಲ್ಲ. ಮೇಲಿಂದ ಹುಲ್ಲು ಬರ್ತಾ ಇರ್ಬೇಕು, ಆ ಹುಲ್ಲಿನ ನಾರೇ ಕರುಳನ್ನ ಕೆಲಸಕ್ಕೆ ಹಚ್ಚೋದು, ನಾರು ಬರೋದು ನಿಂತ್ರೆ ಕರುಳು ನಿಧಾನ ಆಗಿ ಆಮೇಲೆ ನಿಂತೇ ಹೋಗ್ತದೆ. ಕರುಳು ನಿಂತ್ರೆ ಒಳಗಿದ್ದದ್ದರ ನೀರೆಲ್ಲ ಆರಿ ಗಟ್ಟಿಯಾಗ್ತದೆ. ಇದರ ಜೊತೆ ಸೀಕಮ್ ಅಂತ ಒಂದು ದೊಡ್ಡ ಚೀಲ ಇದೆ, ಹೊಟ್ಟೆಯ ಬಹುಪಾಲು ಜಾಗ ಅದರದ್ದೇ, ಅದರೊಳಗೆ ಬ್ಯಾಕ್ಟೀರಿಯಾ ಕೂತು ನಾರನ್ನ ಹುಳಿ ಬರಿಸ್ತಾ ಇರ್ತವೆ. ಸರಿಯಾದ ನಾರು ಸಿಗ್ತಾ ಇದ್ರೆ ಒಳ್ಳೆ ಬ್ಯಾಕ್ಟೀರಿಯಾದ್ದೇ ರಾಜ್ಯ. ನಾರು ಕಮ್ಮಿಯಾಗಿ ಸಕ್ಕರೆ, ಹಿಟ್ಟು ಒಳಗೆ ಹೋದ್ರೆ, ಚಕ್ಕುಲಿಯಿಂದ ಹಿಡಿದು ಬಿಸ್ಕಿಟ್, ಚಪಾತಿ, ಬಾಳೆಹಣ್ಣು, ಮೇ ತಿಂಗಳಲ್ಲಿ ಹಲಸಿನ ತೊಳೆವರೆಗೆ ಎಲ್ಲ ಇದರಲ್ಲೇ ಬಂತು, ಕೆಟ್ಟ ಜಾತಿಯವು ಹೆಚ್ಚಾಗಿ ಗ್ಯಾಸ್ ಬಿಡ್ತವೆ, ಸೆಕೆಗಾಲದಲ್ಲಿ ದೋಸೆ ಹಿಟ್ಟು ರಾತ್ರೋರಾತ್ರಿ ಪಾತ್ರೆ ಮೀರಿ ಉಕ್ಕೋ ಹಾಗೆ. ಉಕ್ಕಿದ್ದು ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಯಾಕಂದ್ರೆ ಮೊಲಕ್ಕೆ ವಾಂತಿ ಮಾಡೋಕೇ ಬರೂದಿಲ್ಲ. ಹೊಟ್ಟೆ ಉಬ್ಬಿ ನೋವು ಶುರುವಾಗ್ತದೆ, ನೋವಿಗೆ ಇನ್ನೂ ತಿನ್ನೂದಿಲ್ಲ, ತಿನ್ನದೇ ಇದ್ದದ್ದಕ್ಕೆ ಕರುಳು ಇನ್ನೂ ಗಟ್ಟಿ. ಸ್ವಲ್ಪ ದಪ್ಪ ಇರೋ ಮೊಲ ಆದ್ರೆ ಮತ್ತೂ ಕಷ್ಟ, ಊಟ ಇಲ್ಲದಾಗ ಮೈಯ ಕೊಬ್ಬು ಕರಗಿ ಲಿವರ್‌ಗೆ ತುಂಬ್ಕೊಂಡು ಲಿವರೇ ಸೋತು ಹೋಗ್ತದೆ.

ಅಂದ್ರೆ ನೀವು ಉಪವಾಸ ಹಾಕಿ ಕರುಳಿಗೆ ರೆಸ್ಟ್ ಕೊಟ್ಟೆ ಅಂದ್ಕೊಳ್ತೀರಿ, ನಿಜಕ್ಕೂ ಆದದ್ದು ನಿಲ್ತಾ ಇದ್ದ ಕರುಳನ್ನ ಪೂರ್ತಿ ನಿಲ್ಲಿಸಿದ್ದು.

ಇದೇ ಹೊಟ್ಟೆ ವಿಚಾರದಲ್ಲಿ ಇನ್ನೊಂದು ಗಾಬರಿ ಫೋನು ಬರ್ತದೆ, "ಡಾಕ್ಟ್ರೇ, ಅದು ತನ್ನ ಹಿಕ್ಕೆ ತಾನೇ ತಿಂತದೆ, ಬಾಯಿಗೆ ಏನಾದ್ರೂ ಕಟ್ಟಬೇಕಾ?" ದಯವಿಟ್ಟು ಕಟ್ಬೇಡಿ. ಮೊಲ ಹಾಕೋದು ಎರಡು ತರ. ದುಂಡಗೆ ಒಣ ಇರೋದು ಒಂದು, ಮೆತ್ತಗೆ ಹೊಳಿತಾ ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರೋದು ಇನ್ನೊಂದು. ಆ ಮೆತ್ತಗಿನದ್ದನ್ನ ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ ನೇರ ಹಿಂದಿನಿಂದಲೇ ಬಾಯಿಗೆ ತಗೊಂಡು ನುಂಗ್ತದೆ, ಅದರಲ್ಲಿ ಬಿ ವಿಟಮಿನ್ನು, ಪ್ರೋಟೀನು ಇರ್ತದೆ. ಆರೋಗ್ಯ ಇರೋ ಮೊಲದ ಲಕ್ಷಣ ಅದು. ಅದನ್ನ ತಿನ್ನದೆ ನೆಲಕ್ಕೆ ಬಿಟ್ಟು ಹಿಂದೆಲ್ಲ ಮೆತ್ಕೊಂಡಿದ್ರೆ ಆಗ ಯೋಚನೆ ಮಾಡ್ಬೇಕು, ಸಿಹಿಯೋ ಹಿಟ್ಟೋ ಹೆಚ್ಚಾಗಿದೆ ಅಂತ ಅರ್ಥ, ಅಥವಾ ಮೊಲ ದಪ್ಪ ಆಗಿ ಹಿಂದಕ್ಕೆ ಬಾಯಿ ಎಟುಕ್ತಿಲ್ಲ.

ಈಗ ಎಲ್ರೂ ಮೊದ್ಲು ಕೇಳೋ ಪ್ರಶ್ನೆ, ಇದು ಯಾವ ಜಾತಿ? ಕಾರವಾರಕ್ಕೆ ಮೊಲ ಹೆಚ್ಚಾಗಿ ಗೋವಾ ಕಡೆಯಿಂದಲೋ ಹುಬ್ಬಳ್ಳಿಯಿಂದಲೋ ಬರೋದು, ಅಂಗಡಿಯವ್ರು ಹೇಳೋ ಹೆಸರಿಗೂ ಮೊಲಕ್ಕೂ ಸಂಬಂಧ ಇರ್ಬೇಕು ಅಂತಿಲ್ಲ. ಮರಿ ಇದ್ದಾಗ ಎಲ್ಲಾ ಮೊಲವೂ ಡ್ವಾರ್ಫ್, ಅಂದ್ರೆ ಕುಳ್ಳ ತಳಿಯ ತರವೇ ಕಾಣ್ತದೆ. ನಿಜವಾದ ನೆದರ್ಲೆಂಡ್ ಡ್ವಾರ್ಫ್ ದೊಡ್ಡದಾದ್ರೂ ಒಂದು ಕೆಜಿ ಆಸುಪಾಸು ಅಷ್ಟೇ, ಮುಖ ದುಂಡಗೆ, ಕಿವಿ ಗಿಡ್ಡ. ಬಿಳಿ ಮೈ ಕೆಂಪು ಕಣ್ಣಿಂದು ನಮ್ಮಲ್ಲಿ ಬಹುಪಾಲು ನ್ಯೂಜಿಲೆಂಡ್ ವೈಟ್ ಅಥವಾ ಅದರ ಕ್ರಾಸ್, ಹೆಸರು ನ್ಯೂಜಿಲೆಂಡ್ ಆದ್ರೂ ತಳಿ ಮಾಡಿದ್ದು ಅಮೆರಿಕದಲ್ಲಿ, ಮಾಂಸಕ್ಕೆ ಸಾಕೋ ತಳಿ ಅದು, ನಾಲ್ಕರಿಂದ ಐದು ಕೆಜಿವರೆಗೆ ಬೆಳಿತದೆ. ಬೂದು ಬಣ್ಣದ ಸೋವಿಯತ್ ಚಿಂಚಿಲಾ ಕೂಡ ಅಷ್ಟೇ ದೊಡ್ಡದು. ಗಿಳಿ ಪಂಜರದಷ್ಟು ಚಿಕ್ಕ ಗೂಡು ತಂದಿಟ್ಟುಕೊಂಡು ಆರು ತಿಂಗಳಿಗೆ ಮೊಲ ಅದರಲ್ಲಿ ತಿರುಗೋಕೂ ಆಗದೆ ಕೂತಿರೋದನ್ನ ನೋಡಿದ್ರೆ ಬೇಜಾರಾಗ್ತದೆ. ಓಡಾಟ ಇಲ್ಲದ ಮೊಲಕ್ಕೆ ಕರುಳೂ ಓಡೂದಿಲ್ಲ, ಇದೂ ಅದೇ ಕಥೆ.

ಕರಾವಳಿಯವ್ರಿಗೆ ನಾನು ಕೈಮುಗಿದು ಬೇಡ ಅನ್ನೋ ತಳಿ ಅಂಗೋರಾ. ನೋಡ್ಲಿಕ್ಕೆ ಚೆಂದ, ಮಕ್ಕಳು ಹಟ ಹಿಡಿತಾರೆ, ಗೊತ್ತು. ಆದ್ರೆ ಅದರ ಉಣ್ಣೆ ತಿಂಗಳಿಗೆ ಎರಡೂವರೆ ಮೂರು ಸೆಂಟಿಮೀಟರ್ ಬೆಳಿತದೆ, ಎರಡೂವರೆ ಮೂರು ತಿಂಗಳಿಗೊಮ್ಮೆ ಕತ್ತರಿಸಲೇ ಬೇಕು. ನಮ್ಮ ದೇಶದಲ್ಲಿ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯವ್ರು ಅಂಗೋರಾ ಸಾಕೋದು ಹಿಮಾಚಲದ ಕುಲ್ಲು ಕಣಿವೆಯ ಗಾರ್ಸಾದಲ್ಲಿ, ಆ ಚಳಿಯಲ್ಲಿ. ಅದನ್ನ ತಂದು ಕಾರವಾರದ ಏಪ್ರಿಲ್ ಸೆಕೆಯಲ್ಲಿ ತಗಡಿನ ಶೀಟ್ ಕೆಳಗೆ ಇಟ್ರೆ? ಮೊಲ ನಮ್ಮ ಹಾಗೆ ಬೆವರೂದಿಲ್ಲ, ಮೈ ಬಿಸಿ ಹೊರಗೆ ಹೋಗೋದು ಮುಖ್ಯವಾಗಿ ಕಿವಿಯಿಂದ. ಮೂವತ್ತು ಡಿಗ್ರಿ ದಾಟಿದ್ರೆ ಯಾವ ಮೊಲವೂ ಕಷ್ಟಪಡ್ತದೆ, ಅಂಗೋರಾಕ್ಕಂತೂ ಮೈಮೇಲೆ ಕಂಬಳಿಯೇ ಇದೆ. ಬಿಸಿಗೆ ಊಟ ಬಿಡ್ತದೆ, ಮೈ ನೆಕ್ಕಿ ನೆಕ್ಕಿ ಉಣ್ಣೆ ನುಂಗ್ತದೆ, ವಾಂತಿ ಮಾಡೋಕಾಗೂದಿಲ್ಲ, ನಿಧಾನ ಆದ ಕರುಳಲ್ಲಿ ಆ ಕೂದಲು ಊಟದ ಜೊತೆ ಗಂಟಾಗಿ ಕೂರ್ತದೆ. ಬೈತಕೋಲ ಕಡೆಯ ಒಂದು ಅಂಗೋರಾ ಇದೇ ತರ ಹೋಯ್ತು, ಅದಕ್ಕೂ ಎರಡು ದಿನ ಉಪವಾಸವೇ ಹಾಕಿದ್ರು, "ಕೂದಲು ತಾನೇ ಹೊರಗೆ ಬರ್ಲಿ" ಅಂತ. ಶಿರಸಿ ಸಿದ್ದಾಪುರ ಕಡೆ ಘಟ್ಟದ ಮೇಲೆ ಸ್ವಲ್ಪ ತಂಪು, ಅಲ್ಲಿ ಉಣ್ಣೆ ಕತ್ತರಿಸ್ತಾ ನೋಡ್ಕೊಳ್ಳೋ ತಾಳ್ಮೆ ಇದ್ರೆ ಸಾಕ್ಬಹುದೋ ಏನೋ, ಆದ್ರೂ ನಾನಾಗಿ ಹೇಳೂದಿಲ್ಲ.

ಇದರ ಜೊತೆ ಒಂದು ಮಾತು, ಹುಲ್ಲು ಕೊಯ್ಯುವಾಗ ಬೇಣದಲ್ಲಿ, ಅಂದ್ರೆ ಹುಲ್ಲುಗಾವಲಲ್ಲಿ, ಕಾಡುಮೊಲದ ಮರಿ ಸಿಕ್ತು ಅಂತ ಮನೆಗೆ ತರ್ತಾರೆ ಕೆಲವ್ರು. ಅದು ಈ ಸಾಕುಮೊಲ ಅಲ್ಲವೇ ಅಲ್ಲ, ಜಾತಿಯೇ ಬೇರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸಾಕೋದು ಅಪರಾಧ, ತಾಯಿ ಹಗಲು ದೂರ ಇದ್ದು ಕತ್ತಲಾದ ಮೇಲೆ ಬಂದು ಹಾಲು ಕೊಡ್ತದೆ. ಇದ್ದಲ್ಲೇ ಬಿಡಿ.

ಮನೆಯಲ್ಲಿ ನೀವು ನೋಡ್ಬೇಕಾದದ್ದು ಎಂತ ಅಂದ್ರೆ, ಬೆಳಿಗ್ಗೆ ಎದ್ದು ಗೂಡಿನ ಕೆಳಗಿನ ಪೇಪರ್ ನೋಡಿ. ಸರಿ ಇರೋ ಮೊಲದ ಹಿಕ್ಕೆ ದುಂಡಗೆ, ಎಲ್ಲಾ ಒಂದೇ ಅಳತೆ, ಒಡೆದ್ರೆ ಒಳಗೆ ಹುಲ್ಲಿನ ಪುಡಿ ಕಾಣ್ತದೆ. ಅದು ಚಿಕ್ಕದಾಗ್ತಾ ಬಂದ್ರೆ, ಕಪ್ಪಾಗಿ ಗಟ್ಟಿಯಾದ್ರೆ, ಕೂದಲಲ್ಲಿ ಪೋಣಿಸಿದ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿದ್ರೆ ಮೊಲ ಊಟ ಬಿಡೋ ಮೊದ್ಲೇ ನಿಮಗೆ ಗೊತ್ತಾಗಿ ಹೋಯ್ತು. ಆಮೇಲೆ ಕೂರೋ ರೀತಿ. ನೋವಿದ್ದ ಮೊಲ ಬೆನ್ನು ಗೂನು ಮಾಡಿ ಮೂಲೆಯಲ್ಲಿ ಮುದುಡಿ ಕೂರ್ತದೆ, ಕಣ್ಣು ಅರ್ಧ ಮುಚ್ಚಿರ್ತದೆ, ಆಗಾಗ ಹೊಟ್ಟೆ ನೆಲಕ್ಕೆ ಒತ್ತುತ್ತದೆ, ಜೋರಾಗಿ ಹಲ್ಲು ಕಡಿತದೆ. ತಲೆ ಸವರುವಾಗ ಸಣ್ಣಗೆ ಹಲ್ಲು ಉಜ್ಜೋದು ಸಂತೋಷಕ್ಕೆ, ಅದು ಬೇರೆ, ಎರಡು ದಿನ ಗಮನ ಕೊಟ್ರೆ ವ್ಯತ್ಯಾಸ ಗೊತ್ತಾಗ್ತದೆ. ತಿನ್ನೋಕೆ ಹತ್ರ ಬಂದು ಬಾಯಿಗೆ ತಗೊಂಡು ಬೀಳಿಸ್ತಿದ್ರೆ ಹಲ್ಲಿನ ಮೇಲೆ ನನಗೆ ಅನುಮಾನ. ಮುಂದಿನ ಹಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳಿತಾನೇ ಇರ್ತದೆ, ಹಿಂದಿನ ದವಡೆ ಹಲ್ಲೂ ಬೆಳಿತದೆ, ಹುಲ್ಲು ಅರೆದು ಅರೆದೇ ಅದು ಸವೆಯೋದು. ಬರೀ ಪೆಲೆಟ್ಟು (ಅಂಗಡಿಯಲ್ಲಿ ಸಿಗೋ ಗುಳಿಗೆ ತರದ ಮೊಲದ ತಿಂಡಿ), ಕ್ಯಾರೆಟ್ಟು ತಿಂದ ಮೊಲಕ್ಕೆ ದವಡೆ ಹಲ್ಲಲ್ಲಿ ಚೂಪು ಮೂಡಿ ನಾಲಿಗೆ ಚುಚ್ತದೆ. ಅದಕ್ಕೂ ಉಪವಾಸ ಮದ್ದಲ್ಲ.

ಡಾಕ್ಟರ ಹತ್ರ ಬರೋವರೆಗೆ ಎಂತ ಮಾಡೂದು? ನೀರು ಬಟ್ಟಲಲ್ಲಿ ಇಡಿ, ತಾಜಾ ಗರಿಕೆ, ಕೊತ್ತಂಬರಿ ಸೊಪ್ಪು ಮೂಗಿನ ಹತ್ರ ಹಿಡಿದು ನೋಡಿ, ಕಿವಿ ಮೈ ತಣ್ಣಗಿದ್ರೆ ಟವೆಲ್ ಸುತ್ತಿ ಬೆಚ್ಚಗಿಡಿ. ಹೊಟ್ಟೆ ಮುಟ್ಟಿ ನೋಡಿ, ಉಬ್ಬಿ ಬಿಗಿಯಾಗಿದ್ರೆ ಬಾಯಿಗೆ ಬಲವಂತವಾಗಿ ಏನೂ ಹಾಕ್ಬೇಡಿ, ಒಳಗೆ ಅಡ್ಡ ಸಿಕ್ಕಿರ್ಬಹುದು, ಆಗ ಸಿರಿಂಜಲ್ಲಿ ಕುಡಿಸಿದ್ರೆ ಅಪಾಯ. ಅದು ಎಕ್ಸ್‌ರೇ ನೋಡಿ ತೀರ್ಮಾನ ಮಾಡೋ ವಿಚಾರ, ಫೋನಲ್ಲಿ ಕೇಳಿ ನಾನೂ ಖಚಿತ ಹೇಳೂದಿಲ್ಲ. ಎಣ್ಣೆ ಕುಡಿಸೋದು ಬೇಡ. ಮನೆಯಲ್ಲಿ ಉಳಿದಿರೋ ಅಮಾಕ್ಸಿಸಿಲಿನ್ ಮಾತ್ರೆಯನ್ನಂತೂ ಕೊಡಲೇಬೇಡಿ, ಪೆನಿಸಿಲಿನ್ ಜಾತಿಯ ಔಷಧ ಬಾಯಲ್ಲಿ ಹೋದ್ರೆ ಮೊಲದ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯ್ತದೆ. ನಾಯಿಗೆ ಉಣ್ಣಿಗೆ ಅಂತ ತಂದ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷ, ಹೊಟ್ಟೆ ವಿಷಯ ಅಲ್ಲದಿದ್ರೂ ನೆನಪಾದಾಗ ಹೇಳಿಬಿಡ್ಬೇಕು.

ಆ ಸದಾಶಿವಗಡದ ಮೊಲಕ್ಕೆ ಮೈ ತಣ್ಣಗಾಗಿತ್ತು, ಮೊದ್ಲು ಬೆಚ್ಚಗೆ ಮಾಡಿ, ಚರ್ಮದ ಕೆಳಗೆ ಸಲೈನ್ ಕೊಟ್ಟು, ನೋವಿನ ಇಂಜೆಕ್ಷನ್ ಹಾಕಿದೆ. ಅಡ್ಡ ಏನೂ ಇಲ್ಲ ಅಂತ ನೋಡ್ಕೊಂಡ ಮೇಲೆ ಒಣಹುಲ್ಲಿನ ಪುಡಿ ಕಲಸಿ ಸಿರಿಂಜಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸೋದನ್ನ ಮೊಮ್ಮಗಳಿಗೆ ತೋರಿಸಿಕೊಟ್ಟೆ, ಆ ಹುಡುಗಿ ಕೈ ನಡುಗಿಸ್ದೆ ಮಾಡಿದ್ಲು. ಮರುದಿನ ಸಂಜೆ ಪೇಪರ್ ಚೂರಲ್ಲಿ ನಾಲ್ಕು ಹಿಕ್ಕೆ ಕಟ್ಟಿ ತಂದು ಟೇಬಲ್ ಮೇಲೆ ಬಿಚ್ಚಿಟ್ಲು, ಕಾಳುಮೆಣಸಿಗಿಂತ ಚಿಕ್ಕದು, ಒಣ, ಸೊಟ್ಟ ಸೊಟ್ಟ. ನನಗೆ ಆದ ಖುಷಿ ಹೇಳೋಕಾಗೂದಿಲ್ಲ. ಎಲ್ಲಾ ಮೊಲವೂ ಹೀಗೆ ತಿರುಗಿ ಬರ್ತದೆ ಅಂತ ನಾನು ಭರವಸೆ ಕೊಡೂದಿಲ್ಲ, ಬೇಗ ಬಂದಷ್ಟು ಅವಕಾಶ ಜಾಸ್ತಿ, ಅಷ್ಟೇ.

ಇನ್ನು ದಿನನಿತ್ಯದ ಊಟ. ಈ ಮೊಲಗಳ ಮೂಲ ಸ್ಪೇನ್, ಪೋರ್ಚುಗಲ್ ಕಡೆ, ಒಣ ಹುಲ್ಲುಗಾವಲಲ್ಲಿ ಒರಟು ಹುಲ್ಲು ತಿಂದು ಬದುಕಿದ ಪ್ರಾಣಿ, ಆದ್ದರಿಂದ ಊಟದ ಮುಕ್ಕಾಲಿಗಿಂತ ಹೆಚ್ಚು ಹುಲ್ಲೇ ಇರ್ಬೇಕು, ಹಗಲೂ ರಾತ್ರಿ ಮುಂದೆ ಇರ್ಬೇಕು. ಪೆಲೆಟ್ಟು ಸ್ವಲ್ಪ, ಸೊಪ್ಪು ಒಂದು ಹಿಡಿ, ದಾಸವಾಳದ ಎಲೆ ಆಗ್ತದೆ, ಕೆಸವಿನ ಎಲೆ ಬೇಡ. ಕ್ಯಾರೆಟ್ ಒಂದು ಚೂರು, ಅದೂ ಅಪರೂಪಕ್ಕೆ.

"ಪೇಟೆಯಲ್ಲಿ ಹುಲ್ಲು ಎಲ್ಲಿ ತರೋದು ಡಾಕ್ಟ್ರೇ" ಅಂತೀರಿ. ಪ್ಯಾಕೆಟಲ್ಲಿ ಟಿಮೊಥಿ ಹುಲ್ಲು ಸಿಗ್ತದೆ, ದುಬಾರಿ. ನಾನು ಹೇಳೋದು ಕರಡ, ಅಂದ್ರೆ ಬೇಣದ ಒಣಹುಲ್ಲು. ಘಟ್ಟದ ಮೇಲೆ ನೆಂಟರಿದ್ರೆ ಮಳೆ ಮುಗಿದು ಬೇಣದ ಹುಲ್ಲು ಕೊಯ್ದು ಒಣಗಿಸೋ ಹೊತ್ತಿಗೆ ಒಂದೆರಡು ಹೊರೆ ಹೇಳಿಡಿ, ದನಕ್ಕೆ ಹಾಕೋದ್ರಲ್ಲೇ ಒಂದು ಪಾಲು, ಯಾರೂ ಇಲ್ಲ ಅನ್ನೂದಿಲ್ಲ. ಭತ್ತದ ಹುಲ್ಲು ಹಾಸೋಕೆ ಒಳ್ಳೇದು, ಮೆಲ್ಲೋಕೂ ಅಡ್ಡಿಯಿಲ್ಲ, ಆದ್ರೆ ಅದೊಂದೇ ಸಾಕಾಗೂದಿಲ್ಲ, ಸತ್ವ ಕಮ್ಮಿ. ತಂದದ್ದನ್ನ ಅಟ್ಟದ ಮೇಲೆ ಗಾಳಿ ಆಡೋ ಕಡೆ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಟ್ರೆ ನಮ್ಮ ಜುಲೈ ಮಳೆಗೆ ಬೂಸಲು ಖಂಡಿತ. ಕೊಡೋ ಮೊದ್ಲು ಒಂದು ಹಿಡಿ ತಗೊಂಡು ಮೂಸಿ ನೋಡಿ, ಮುಗ್ಗಲು ವಾಸನೆ ಬಂದ್ರೆ ಇಡೀ ಹೊರೆ ತೆಂಗಿನ ಬುಡಕ್ಕೆ ಹಾಕಿಬಿಡಿ.