ಪಗಾರ ಏರದ ವರ್ಷ ದಂಡವೇ?

ಪ್ರಶ್ನೆ: "ಅಕ್ಕೋರೆ, ಕುಮಟಾದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ವರ್ಷವನ್ನು ಒಮ್ಮೆ ತಿರುಗಿ ನೋಡಿ ಮುಂದಿನ ದಾರಿ ಯೋಚಿಸು ಅಂತ ಎಲ್ಲರೂ ಹೇಳುತ್ತಾರೆ. ನೋಡಿದರೆ ಏನೂ ಕಾಣುವುದಿಲ್ಲ. ಹಿರಿಯ ಗುಮಾಸ್ತರು ಬಿಟ್ಟು ಹೋದ ಮೇಲೆ ಜಿಎಸ್‌ಟಿ ರಿಟರ್ನ್ ಕೂಡ ನಾನೇ ತುಂಬುತ್ತಿದ್ದೇನೆ. ಆದರೂ ಪಗಾರ ಏರಿದ್ದು 500 ರೂಪಾಯಿ. ಒಂದು ವರ್ಷ ದಂಡ ಆಯಿತು ಅಲ್ವಾ?"

ದಂಡ ಆಗಿಲ್ಲ ತಂಗಿ. ಈ ಪ್ರಶ್ನೆಯನ್ನು ನನಗೆ ಕಾರವಾರದವರು ಕೇಳಿದ್ದಾರೆ, ಶಿರಸಿಯವರು ಕೇಳಿದ್ದಾರೆ, ನನ್ನ ಹತ್ತಿರ ಕಲಿತು ಬೆಂಗಳೂರು ಸೇರಿದ ಮಕ್ಕಳೂ ಫೋನ್ ಮಾಡಿ ಕೇಳಿದ್ದಾರೆ. ಪ್ರತಿ ಸಲ ಎರಡು ಮಾತಲ್ಲಿ ಹೇಳಿ ಮುಗಿಸಿದೆ. ಮತ್ತೆ ಮತ್ತೆ ಅದೇ ಪ್ರಶ್ನೆ ಬರುತ್ತಿದೆ. ಅದಕ್ಕೆ ಈ ಸಲ ಬಿಡಿಸಿ ಬರೆಯುತ್ತೇನೆ.

ಹೇಗೆ ನೋಡುವುದು ಅನ್ನುವುದು ಸುಲಭ. ಸುಮ್ನೆ ಕೂತು ನೆನಪು ಮಾಡಿಕೊಳ್ಳಬೇಡ. ನೆನಪಿನಲ್ಲಿ ಉಳಿಯುವುದು ಕಳೆದ ಎರಡು ತಿಂಗಳು, ಮತ್ತೆ ಯಾರೋ ಬೈದ ದಿನ. ಒಂದು ನೋಟ್‌ಬುಕ್ ತೆಗೆದುಕೋ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ಅರ್ಧ ಪುಟ ಬಿಡು. ಫೋನಿನ ಫೋಟೋ, ಕಳಿಸಿದ ಮೇಲ್, ವಾಟ್ಸಾಪ್ ಎಲ್ಲ ತೆರೆದು ಆಯಾ ತಿಂಗಳು ಏನು ಮಾಡಿದೆ ಅಂತ ಬರಿ. "ಚೆನ್ನಾಗಿ ಕೆಲಸ ಮಾಡಿದೆ" ಅಂತ ಬರೆದರೆ ಉಪಯೋಗ ಇಲ್ಲ. ಯಾವ ಕೆಲಸ, ಯಾವಾಗ, ಒಬ್ಬಳೇ ಮಾಡಿದೆಯಾ ಅಂತ ಬರಿ. ಮೊದಲ ಸಲ ಮಾಡಿದ್ದರ ಪಕ್ಕ ಒಂದು ಗುರುತು ಹಾಕು. ಬೇರೆಯವರು ಬಂದು ನಿನ್ನನ್ನು ಕೇಳಿ ತಿಳಿದುಕೊಂಡಿದ್ದರೆ ಇನ್ನೊಂದು ಗುರುತು. ಹೆದರಿ ಮುಂದೆ ಹಾಕಿದ ಕೆಲಸಕ್ಕೂ ಒಂದು ಗುರುತು ಇರಲಿ. ಮುಂದಿನ ವರ್ಷ ಕಲಿಯಬೇಕಾದ್ದು ಹೆಚ್ಚಾಗಿ ಆ ಮೂರನೇ ಗುರುತಿನಲ್ಲೇ ಸಿಗುತ್ತದೆ.

ಇಷ್ಟು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ ಪಗಾರದ ಚೀಟಿ ನೋಡಿ "ಎಲ್ಲ ದಂಡ" ಅನ್ನುತ್ತಾರೆ. ಪಗಾರ ಏರಿದರೆ ಬೆಳೆದೆವು, ಏರದಿದ್ದರೆ ಇಲ್ಲ ಅನ್ನುವ ಈ ನಂಬಿಕೆ ತಪ್ಪು. ಇದನ್ನು ಬುಡಸಮೇತ ಕೀಳದೆ ಮುಂದಿನ ಮಾತಿಗೆ ಅರ್ಥ ಇಲ್ಲ.

ಕಾರವಾರದ ನೌಕಾನೆಲೆಯಲ್ಲಿ ಕೆಲಸ ಮಾಡುವ ಸಿವಿಲಿಯನ್ ನೌಕರರನ್ನು ನೋಡು. ಅವರಿಗೆ ಕೇಂದ್ರ ಸರ್ಕಾರದ ನಿಯಮ. ವರ್ಷಕ್ಕೊಮ್ಮೆ, ಜನವರಿ 1ಕ್ಕೋ ಜುಲೈ 1ಕ್ಕೋ, ಮೂಲ ವೇತನದ ಮೇಲೆ ಶೇ. 3ರ ಇನ್‌ಕ್ರಿಮೆಂಟ್ ಬರುತ್ತದೆ. ಹೊಸ ಕೆಲಸ ಕಲಿತವರಿಗೂ ಅಷ್ಟೇ, ಕಲಿಯದವರಿಗೂ ಅಷ್ಟೇ. ಅಲ್ಲಿ ಪಗಾರ ನೋಡಿ ಯಾರು ಬೆಳೆದರು ಅಂತ ಹೇಳಲು ಆಗುತ್ತದಾ? ಇನ್ನೊಂದು ಲೆಕ್ಕ. 20,000 ಇದ್ದ ಪಗಾರ 21,000 ಆಯಿತು ಅಂದುಕೋ, ಶೇ. 5 ಏರಿತು. ಮನೆ ಖರ್ಚೂ ಶೇ. 5 ಏರಿದರೆ ಕೈಗೆ ಬಂದಿದ್ದೇನು? ಮೊದಲಿದ್ದಷ್ಟೇ.

ಈಗ ಘಟ್ಟ ಹತ್ತಿ ಶಿರಸಿಯ ಒಂದು ತೋಟಕ್ಕೆ ಬಾ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಅಲ್ಲಿವರೆಗೆ ಆ ಸಸಿಯಿಂದ ಒಂದು ರೂಪಾಯಿ ಇಲ್ಲ. ಗೊಬ್ಬರ, ನೀರು, ಆಳಿನ ಖರ್ಚು ಮಾತ್ರ. ಹಾಗಂತ ಸಸಿ ಬೆಳೆದಿಲ್ಲ ಅನ್ನುತ್ತೇವಾ? ಫಸಲು ಕೊಡುವ ಮರದಲ್ಲೂ ಸಿಂಗಾರ (ಹೂಗೊಂಚಲು) ಒಡೆದು ಕಾಯಿ ಹಣ್ಣಾಗಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ. ಈ ವರ್ಷ ಇಳಿಸುವ ಅಡಿಕೆ ಗೊನೆ ಹೋದ ವರ್ಷದ ಆರೈಕೆಯ ಫಲ.

ರೇಟು ಬೇರೆ ವಿಷಯ. ಚಾಲಿ, ರಾಶಿ ಅನ್ನುವ ಅಡಿಕೆಗೆ ಈ ವಾರ ಎಷ್ಟು ಅನ್ನುವುದು ಬೆಳೆದವನ ಕೈಯಲ್ಲಿಲ್ಲ. ಅದಕ್ಕೇ ತಿಳಿದ ರೈತ ಎರಡು ಲೆಕ್ಕ ಇಡುತ್ತಾನೆ. ಎಷ್ಟು ಕ್ವಿಂಟಲ್ ಆಯಿತು ಅನ್ನುವುದು ಒಂದು, ಎಷ್ಟಕ್ಕೆ ಹೋಯಿತು ಅನ್ನುವುದು ಇನ್ನೊಂದು. ಕೊಳೆರೋಗ ಬಂದು ಕಾಯಿ ಉದುರಿದರೆ ಅವನು ರೇಟನ್ನು ಬೈಯುತ್ತಾ ಕೂರುವುದಿಲ್ಲ. ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣದ ಔಷಧ ಹೊಡೆಸಿದೆನಾ, 40–45 ದಿನಕ್ಕೆ ಎರಡನೇ ಸಲ ಆಯಿತಾ, ಮರ ಹತ್ತುವ ಕೊನೆಗೌಡ ಸಿಗದೆ ಎಷ್ಟು ದಿನ ಹೋಯಿತು ಅಂತ ನೋಡುತ್ತಾನೆ. ನಮ್ಮ ಅಪ್ಪಯ್ಯ ಇದನ್ನೆಲ್ಲ ಪಂಚಾಂಗದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು. ರೇಟು ಬಿದ್ದ ವರ್ಷವೂ ಬರೆಯುತ್ತಿದ್ದರು. ವರ್ಷವನ್ನು ತಿರುಗಿ ನೋಡುವುದನ್ನು ನಾನು ಕಲಿತಿದ್ದು ಅಲ್ಲಿಂದ.

ನಿನ್ನ ಪಗಾರ ರೇಟು. ನೀನು ಕಲಿತ ಕೆಲಸ ಕ್ವಿಂಟಲ್. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಎರಡೂ ತಿಳಿಯುವುದಿಲ್ಲ.

ಪಗಾರ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ಖಂಡಿತ ಮುಖ್ಯ. ಒಳ್ಳೆ ಫಸಲು ತೆಗೆದೂ ವರ್ಷ ವರ್ಷ ಕಡಿಮೆ ರೇಟು ಸಿಕ್ಕಿದರೆ ರೈತ ಅಡಿಕೆ ಕೊಳ್ಳುವ ಬೇರೆ ವಖಾರಿ ನೋಡುತ್ತಾನೆ, ನೀನೂ ನೋಡಬೇಕು. ಆದರೆ ಚೌಕಾಸಿ ಮಾಡಲು ಮೊದಲು ಫಸಲಿನ ಲೆಕ್ಕ ಕೈಯಲ್ಲಿರಬೇಕು. ನಿನ್ನ ಪತ್ರವನ್ನೇ ಇನ್ನೊಮ್ಮೆ ಓದು. "ರಿಟರ್ನ್ ಕೂಡ ನಾನೇ ತುಂಬುತ್ತಿದ್ದೇನೆ" ಅಂತ ನಡುವೆ ಒಂದು ಸಾಲು ಬರೆದು ದಾಟಿಬಿಟ್ಟಿದ್ದೀಯ. ತಿಂಗಳು ತಿಂಗಳು ತುಂಬುವವರಿಗೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗೆ ಮುಂದಿನ ತಿಂಗಳ 20 ಕೊನೆ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ತಡಶುಲ್ಕ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ. ಎಷ್ಟು ತಿಂಗಳು ತಪ್ಪದೆ ತುಂಬಿದ್ದೀಯ ಎಣಿಸು. ಅಂಗಡಿ ಯಜಮಾನರ ಹತ್ತಿರ "ಪಗಾರ ಏರಿಸಿ" ಅಂತ ಬರೀ ಕೇಳುವುದಕ್ಕೂ, ಆ ಲೆಕ್ಕ ಮುಂದಿಟ್ಟು ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇನ್ನೊಂದು ಮಾತು. ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಲೆಕ್ಕಕ್ಕೆ ಯಾವಾಗ ಕೂರಬೇಕು? ಎಲ್ಲರೂ ಡಿಸೆಂಬರ್ 31ರ ರಾತ್ರಿಯೇ ಕೂರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರ ಕೆಲಸದ ವರ್ಷ ಅವತ್ತು ಮುಗಿಯುತ್ತದೆ? ಆಗ ತೋಟದವರಿಗೆ ಅಡಿಕೆ ಕೊಯ್ಲಿನ ಗಡಿಬಿಡಿ. ಕಡಲಿನವರಿಗೆ ಮೀನುಗಾರಿಕೆಯ ಕಾಲ. ಯಾಂತ್ರಿಕ ದೋಣಿಗಳ ವರ್ಷ ಮುಗಿಯುವುದು ಮೇ 31ಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಸಮುದ್ರಕ್ಕೆ ಇಳಿಯುವಂತಿಲ್ಲ. ಬೈತಖೋಲ, ತದಡಿ ಬಂದರಿನಲ್ಲಿ ಬೋಟು ನಿಂತಿರುತ್ತವೆ. ಬಲೆ ಹರಡಿ ಹರಿದ ಕಡೆ ಹೊಲಿಯುವುದು, ಎಂಜಿನ್ ಬಿಚ್ಚಿ ನೋಡುವುದು ಆಗಲೇ. ಬಲೆ ಎಲ್ಲಿ ಹರಿದಿದೆ ಅಂತ ಕಾಣುವುದು ಅದು ನೀರಿನಿಂದ ಮೇಲೆ ಬಂದಾಗ.

ಲೆಕ್ಕ ಬರೆಯುವವಳಿಗೆ ಮಾರ್ಚ್‌ನಲ್ಲಿ ಉಸಿರು ಬಿಡಲು ಪುರಸೊತ್ತಿಲ್ಲ. ಏಪ್ರಿಲ್ ಪೂರ್ತಿ ಹಳೆ ವರ್ಷದ ಬಾಕಿ ಹೊಂದಿಸುವುದರಲ್ಲಿ ಹೋಗುತ್ತದೆ. ಆದ್ದರಿಂದ ಮೇ 20ರ ರಿಟರ್ನ್ ತುಂಬಿದ ಮೇಲೆ ಬರುವ ಮೊದಲ ಭಾನುವಾರ ಇದಕ್ಕೆ ಇಟ್ಟುಕೋ. ಗುಮಾಸ್ತರು ಬಿಟ್ಟು ಹೋದ ತಿಂಗಳಿನ ಪುಟ ಮೊದಲು ತೆರೆ.